ಮುನ್ನೂರು ಪದಗಳೊಳಗೆ ಗುಳೆ

ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನಕ್ಕೆ ಅಬ್‌ಸ್ಟ್ರಾಕ್ಟ್, ಅಂದರೆ ಪ್ರಬಂಧದ ಸಾರಾಂಶ, ಕಳಿಸುವ ಕೊನೆಯ ದಿನ ಹತ್ತಿರ ಬಂದಿತ್ತು. ಕೊಪ್ಪಳದ ಕಾಲೇಜೊಂದರ ಕೋಣೆಯಲ್ಲಿ ಒಂದು ಭಾನುವಾರ ಎಲ್ಲರೂ ಸೇರಿದೆವು. ರಾಯಚೂರು ಕಡೆಯವರು ಸಿಂಧನೂರು, ಗಂಗಾವತಿ ಮೇಲೆ ಬಸ್ಸಿಗೆ ಬಂದರು. ಬಳ್ಳಾರಿಯವರು ಹೊಸಪೇಟೆ ಮೇಲೆ ರೈಲಿಗೆ ಬಂದರು. ಪಿಎಚ್‌ಡಿ ಮಾಡುತ್ತಿರುವವರು, ಅತಿಥಿ ಉಪನ್ಯಾಸಕರು, ಎಂಎ ಮುಗಿಸಿ ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್‌ಗೆ ಓದುತ್ತಿರುವವರು ಇದ್ದರು. ಒಬ್ಬೊಬ್ಬರ ಅಬ್‌ಸ್ಟ್ರಾಕ್ಟನ್ನೂ ಗಟ್ಟಿಯಾಗಿ ಓದಿಸಿ, ತಿದ್ದಿ, ಸಂಜೆಯೊಳಗೆ ಕಳಿಸುವ ಹದಕ್ಕೆ ತರಬೇಕಿತ್ತು.

ಈ ಸಮ್ಮೇಳನ ನಡೆಸುವ ಭಾರತೀಯ ಸಮಾಜಶಾಸ್ತ್ರ ಸಂಘ ಹುಟ್ಟಿದ್ದು 1951ರಲ್ಲಿ, ಮುಂಬೈಯಲ್ಲಿ, ಜಿ. ಎಸ್. ಘುರ್ಯೆಯವರ ಮುಂದಾಳತ್ವದಲ್ಲಿ. ಮರುವರ್ಷವೇ ಅದರ ಪತ್ರಿಕೆ ‘ಸೋಷಿಯಲಾಜಿಕಲ್ ಬುಲೆಟಿನ್’ ಶುರುವಾಯಿತು. ಸಂಘದ ಒಳಗೆ ಗ್ರಾಮೀಣ ಮತ್ತು ಬುಡಕಟ್ಟು ಸಮುದಾಯ, ವಲಸೆ, ಕುಟುಂಬ, ಶಿಕ್ಷಣ, ಧರ್ಮ, ಆರೋಗ್ಯ, ಲಿಂಗ ಅಧ್ಯಯನ ಹೀಗೆ ವಿಷಯಕ್ಕೊಂದು ಸಂಶೋಧನಾ ಸಮಿತಿ ಇದೆ. ಆರ್‌ಸಿ ಅಂತಲೇ ಎಲ್ಲರೂ ಕರೆಯುವುದು. ಅಬ್‌ಸ್ಟ್ರಾಕ್ಟ್ ಹೋಗುವುದು ಸಮಿತಿಯ ಸಂಚಾಲಕರ ಕೈಗೆ. ಹಾಗಾಗಿ ಯಾವ ಆರ್‌ಸಿಗೆ ಕಳಿಸುತ್ತೇವೆ ಎಂಬುದನ್ನು ಬರೆಯುವುದಕ್ಕೂ ಮೊದಲೇ ತೀರ್ಮಾನಿಸಬೇಕು. ಒಂದೇ ಬರಹವನ್ನು ಎರಡು ಮೂರು ಸಮಿತಿಗೆ ಕಳಿಸುವ ರೂಢಿ ನಮ್ಮಲ್ಲಿದೆ. ಅದು ಗೊತ್ತಾದರೆ ಎಲ್ಲ ಕಡೆಯೂ ಕೈಬಿಡುವ ಸಾಧ್ಯತೆಯೇ ಹೆಚ್ಚು.

ಮೊದಲು ಓದಿದ್ದು ಲಿಂಗಸುಗೂರು ಕಡೆಯ ಹುಡುಗ. ಶೀರ್ಷಿಕೆ ‘ಕಲ್ಯಾಣ ಕರ್ನಾಟಕದ ವಲಸೆ ಕಾರ್ಮಿಕರ ಸಾಮಾಜಿಕ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’. ಭಾರತ ಹಳ್ಳಿಗಳ ದೇಶ ಎಂಬಲ್ಲಿಂದ ಹಿಡಿದು ಜಾಗತೀಕರಣದವರೆಗೆ ಮೊದಲ ಅರ್ಧ ಮುಗಿದಿತ್ತು. ಊರಿನ ಹೆಸರು ಬಂದದ್ದು ಕೊನೆಯ ಸಾಲಿನಲ್ಲಿ. ಹಿರಿಯ ಪ್ರಾಧ್ಯಾಪಕರೊಬ್ಬರು ಕೇಳಿದರು:

“ಊರಿಗೆ ಯಾವ ತಿಂಗಳದಾಗ ಹೋಗಿದ್ದೆ ತಮ್ಮಾ?”

“ಫೆಬ್ರವರಿ ಒಳಗ್ರೀ ಸರ್.”

“ಮನಿ ಎಲ್ಲಾ ತೆರೆದಿದ್ವೇನು?”

“ಇಲ್ರೀ, ಭಾಳ ಮನಿ ಬೀಗ ಹಾಕಿದ್ವು. ತೆರೆದಿದ್ದ ಮನ್ಯಾಗ ಕೇಳೀನ್ರೀ.”

“ಹಂಗಾದ್ರ ಗುಳೆ ಹೋಗದವರನ್ನ ಕೇಳಿ ಗುಳೇದ ಬಗ್ಗೆ ಬರದೀಯಲ್ಲ!”

ಇಡೀ ದಿನದ ಅರ್ಧ ಕೆಲಸ ಈ ಮಾತಿನ ಸುತ್ತಲೇ ನಡೆಯಿತು, ಅದು ಸರಿಯೂ ಹೌದು. ದೇವದುರ್ಗ, ಲಿಂಗಸುಗೂರು, ಕುಷ್ಟಗಿಯ ಮಳೆಯಾಶ್ರಿತ ಹಳ್ಳಿಗಳ ಗುಳೆಯನ್ನು, ಅಂದರೆ ಕೆಲಸಕ್ಕಾಗಿ ಕೆಲವು ತಿಂಗಳು ಊರು ಬಿಟ್ಟು ಹೋಗುವುದನ್ನು, ರಾಷ್ಟ್ರಮಟ್ಟದ ಅಂಕಿಅಂಶ ಸರಿಯಾಗಿ ಹಿಡಿಯುವುದಿಲ್ಲ. ಏಕೆ ಹಿಡಿಯುವುದಿಲ್ಲ ಎಂದು ಖಚಿತವಾಗಿ ತೋರಿಸುವುದೇ ನಮ್ಮ ಭಾಗದ ಸಂಶೋಧಕರಿಗೆ ಇರುವ ದೊಡ್ಡ ಅವಕಾಶ.

2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 64ನೇ ಸುತ್ತು ಅಲ್ಪಾವಧಿ ವಲಸಿಗರನ್ನು ಬೇರೆಯಾಗಿ ಎಣಿಸಿತು. ಅದರ ಪ್ರಕಾರ, ಕೆಲಸಕ್ಕಾಗಿ ಕಳೆದ 365 ದಿನಗಳಲ್ಲಿ ಒಂದು ತಿಂಗಳಾದರೂ ಊರು ಬಿಟ್ಟಿದ್ದು, ಆರು ತಿಂಗಳೊಳಗೆ ಮರಳಿದವರು ಅಲ್ಪಾವಧಿ ವಲಸಿಗರು. ಆರು ತಿಂಗಳು ದಾಟಿದರೆ ಅವರನ್ನು ಊರಿನ ಕುಟುಂಬದ ಸದಸ್ಯರೆಂದೇ ಲೆಕ್ಕ ಹಿಡಿಯುವುದಿಲ್ಲ. ದೀಪಾವಳಿ ಮುಗಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟು ಮುಂಗಾರಿನ ಬಿತ್ತನೆಗೆ ಮರಳುವ ಕುಟುಂಬ ಏಳು ತಿಂಗಳು ಹೊರಗಿರುತ್ತದೆ. ಇಡೀ ಮನೆಯೇ ಹೋಗಿದ್ದರೆ ಅವರ ಪರವಾಗಿ ಉತ್ತರ ಕೊಡುವವರೂ ಅಲ್ಲಿರುವುದಿಲ್ಲ.

ಜನಗಣತಿಯದು ಇನ್ನೊಂದು ತೊಡಕು. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯಲ್ಲಿ ಒಂದು ದಿನವೂ ಊರಲ್ಲಿ ಇಲ್ಲದವರನ್ನು ಅವರು ಇದ್ದಲ್ಲಿಯೇ ಎಣಿಸಬೇಕು. ಇದ್ದಲ್ಲಿ ಎಂದರೆ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡು. ಗಣತಿದಾರರು ಅಲ್ಲಿಗೆ ಹೋದರೆ ಸರಿ, ಹೋಗದಿದ್ದರೆ ಆ ಕುಟುಂಬ ಎರಡೂ ಕಡೆ ಇಲ್ಲ. ನಮ್ಮ ಭಾಗದ ಹಳ್ಳಿಗಳು ಹೆಚ್ಚು ಖಾಲಿಯಿರುವುದೂ ಅದೇ ಫೆಬ್ರವರಿಯಲ್ಲಿ. ಹುಡುಗ ನೋಡಿದ ಬೀಗಗಳು ಅವನ ಅಧ್ಯಯನಕ್ಕೆ ಅಡ್ಡಿಯಾಗಿರಲಿಲ್ಲ, ಅಧ್ಯಯನದ ವಿಷಯವೇ ಅವಾಗಿದ್ದವು.

ಕ್ಷೇತ್ರಕಾರ್ಯದಲ್ಲಿ ಸಾಮಾನ್ಯವಾಗಿ ಕೆಡುವ ಜಾಗವೂ ಇದೇ. ಮತದಾರರ ಪಟ್ಟಿಯಿಂದ 60 ಮನೆ ಆರಿಸಿಕೊಂಡು ಹೋಗುತ್ತಾರೆ. 20 ಮನೆ ಬೀಗ ಹಾಕಿರುತ್ತವೆ. ಸಂಖ್ಯೆ ತುಂಬಬೇಕೆಂದು ಪಕ್ಕದ 20 ಮನೆ ಸೇರಿಸಿಕೊಳ್ಳುತ್ತಾರೆ. ಪಕ್ಕದ ಮನೆಯಲ್ಲಿ ಇರುವವರು ನೀರಾವರಿ ಜಮೀನು ಇದ್ದವರೋ, ಅಂಗಡಿ ಇಟ್ಟವರೋ, ನೌಕರಿಯವರೋ ಆಗಿರುತ್ತಾರೆ. ಮಾದರಿ 60 ಆಯಿತು, ಆದರೆ ಊರಿನ ಬಡ ಮೂರನೇ ಒಂದು ಪಾಲು ಸದ್ದಿಲ್ಲದೆ ಜಾರಿಹೋಯಿತು. ಬೀಗ ಹಾಕಿದ ಮನೆಯನ್ನು ಬದಲಾಯಿಸಬಾರದು. ಪಟ್ಟಿಯಲ್ಲಿ ‘ಬೀಗ’ ಎಂದು ಬರೆದು, ಯಾವಾಗಿನಿಂದ, ಎಲ್ಲಿಗೆ, ಯಾವ ಮೇಸ್ತ್ರಿಯ ಜೊತೆ, ಮುದುಕರು ಮಕ್ಕಳನ್ನು ಯಾರ ಮನೆಯಲ್ಲಿ ಬಿಟ್ಟಿದ್ದಾರೆ ಎಂದು ಅಕ್ಕಪಕ್ಕದ ಎರಡು ಮನೆಗಳಲ್ಲಿ ಬೇರೆಬೇರೆಯಾಗಿ ಕೇಳಬೇಕು. ಆಮೇಲೆ ಜನ ಮರಳುವ ಹೊತ್ತಿಗೆ ಅದೇ ಮನೆಗೆ ಹೋಗಬೇಕು. ನಮ್ಮ ಕಡೆ ಆ ಹೊತ್ತು ಎಂದರೆ ಯುಗಾದಿ, ಊರ ಜಾತ್ರೆ, ಮೊಹರಂ. ಮೊಹರಂನ ಅಲಾಯಿ ಕುಣಿತಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬರುವವರು ಬಹಳ. ಮೊಹರಂ ವರ್ಷವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಕ್ಷೇತ್ರಕಾರ್ಯದ ದಿನಾಂಕವನ್ನೂ ಪ್ರತಿ ವರ್ಷ ಹೊಸದಾಗಿ ಹಾಕಿಕೊಳ್ಳಬೇಕು.

ಬಾಯಿಮಾತಿನ ತಿಂಗಳುಗಳನ್ನು ಕಾಗದದೊಂದಿಗೆ ತಾಳೆ ನೋಡಲು ಮೂರು ದಾರಿ ಹೇಳಿಕೊಟ್ಟೆವು. ಶಾಲೆಯ ಹಾಜರಿ ಪುಸ್ತಕ ಮೊದಲನೆಯದು. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳ ಹೆಸರು ಬರೆದುಕೊಳ್ಳದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಗೈರು ಎಂದಷ್ಟೇ ಎಣಿಸಬೇಕು. ಉದ್ಯೋಗ ಖಾತ್ರಿಯ ಎನ್‌ಎಂಆರ್, ಅಂದರೆ ಕೂಲಿಗಳ ಹಾಜರಿ ಪಟ್ಟಿ, ಎರಡನೆಯದು. ಜಾಬ್ ಕಾರ್ಡಿನಲ್ಲಿ ಹೆಸರಿದ್ದೂ ಹಾಜರಾತಿ ಇಲ್ಲದ ವಾರಗಳು ಅದರಲ್ಲಿ ಕಾಣುತ್ತವೆ. ಕೆಲಸವೇ ಕೊಟ್ಟಿರದ ವಾರಗಳೂ ಹಾಗೆಯೇ ಕಾಣುವುದರಿಂದ ಅದೊಂದನ್ನೇ ನಂಬಬಾರದು. ಮೂರನೆಯದು ರೇಷನ್. ಯಾವ ಊರಿನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆದುಕೊಂಡಿರಿ ಎಂದು ತಿಂಗಳವಾರು ಕೇಳಿದರೆ ಜನ ನೆನಪಿಸಿಕೊಂಡು ಹೇಳುತ್ತಾರೆ. “ಎಷ್ಟು ತಿಂಗಳು ಹೋಗಿದ್ರಿ?” ಎಂದರೆ “ನಾಕೈದು ತಿಂಗಳಾತ್ರಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಬ್ಬದಿಂದ ಹಬ್ಬಕ್ಕೆ ಎಣಿಸಿದರೆ ಅದೇ ಏಳಾಗುತ್ತದೆ.

ಮಧ್ಯಾಹ್ನದೊಳಗೆ ಅವನ ಅಬ್‌ಸ್ಟ್ರಾಕ್ಟ್ ಹೊಸದಾಯಿತು. ಶೀರ್ಷಿಕೆಯಲ್ಲಿ ತಾಲ್ಲೂಕು ಮತ್ತು ‘ಆರು ತಿಂಗಳು ಮೀರಿದ ಗುಳೆ’ ಬಂದವು. ಒಟ್ಟು 300 ಪದಗಳಲ್ಲಿ ಸಮಸ್ಯೆಗೆ 60, ಊರು ಮತ್ತು ಕಾಲಕ್ಕೆ 40, ವಿಧಾನಕ್ಕೆ 60, ಕಂಡದ್ದಕ್ಕೆ 100, ವಾದಕ್ಕೆ ಉಳಿದ 40. ಕಂಡದ್ದಕ್ಕೇ ಹೆಚ್ಚು ಜಾಗ ಬೇಕು. ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂದು ಮುಗಿಸಿದ ಅಬ್‌ಸ್ಟ್ರಾಕ್ಟ್ ನೋಡಿದರೆ ಕ್ಷೇತ್ರಕಾರ್ಯ ಇನ್ನೂ ಆಗಿಲ್ಲ ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ. ನಮ್ಮವರು ಬಹಳ ಮಂದಿ ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತರುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅನುವಾದದ ಆ್ಯಪ್‌ಗೆ ಇಡೀ ಪುಟ ಹಾಕಿದರೆ ಮೇಸ್ತ್ರಿ, ಮುಂಗಡ, ಗುಳೆ ಎಲ್ಲ ಸವೆದು ಹೋಗುತ್ತವೆ. ಇಂಥ ಪದಗಳನ್ನು ಹಾಗೆಯೇ ಇಟ್ಟು ಅರ್ಧ ಸಾಲಿನ ವಿವರಣೆ ಕೊಡುವುದು ಒಳ್ಳೆಯದು.

ಊಟವಾದ ಮೇಲೆ ಉಳಿದವರದು ಬೇಗ ಸಾಗಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಬಗ್ಗೆ ಬರೆದಿದ್ದವರ ಪ್ರಶ್ನಾವಳಿಯಲ್ಲಿ ‘ಉದ್ಯೋಗ’ ಎಂಬ ಕಾಲಂ ಇತ್ತು. ಹೆಂಗಸರಲ್ಲಿ ಹೆಚ್ಚಿನವರು ‘ಗೃಹಿಣಿ’ ಎಂದು ಬಂದಿದ್ದರು. ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸುವವರು ಅದನ್ನು ಉದ್ಯೋಗ ಅನ್ನುವುದಿಲ್ಲ. “ಏನು ಕೆಲಸ ಮಾಡ್ತೀರಕ್ಕಾ?” ಎನ್ನುವ ಬದಲು “ನಿನ್ನೆ ಎಷ್ಟು ಪೀಸ್ ಆದವಕ್ಕಾ, ಪೀಸಿಗೆ ಎಷ್ಟು ಕೊಡ್ತಾರ?” ಎಂದು ಕೇಳಿದರೆ ಇಡೀ ಕಾಲಂ ಬದಲಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಬಗ್ಗೆ ಇಬ್ಬರು ಬರೆದಿದ್ದರು. ಸಂದರ್ಶನದ ದಿನಾಂಕ ಇಬ್ಬರಲ್ಲೂ ಇರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಅದರ ಹಿಂದಿನ ಮಾತಿಗೂ ಮುಂದಿನ ಮಾತಿಗೂ ನೀರಿನ ಬಗೆಗಿನ ಭಯದಲ್ಲಿ ಅಜಗಜಾಂತರ ಇರುತ್ತದೆ, ಎರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಿದರೆ ಅರ್ಥವಿಲ್ಲ.

ದೇವದಾಸಿ ಮಹಿಳೆಯರ ಮಕ್ಕಳ ಶಿಕ್ಷಣ ಕುರಿತ ಬರಹ ತಂದಿದ್ದ ಮೇಡಂ ಹೆಸರುಗಳನ್ನು ಬದಲಾಯಿಸಿದ್ದರು. ಆದರೆ ಊರು, ಓಣಿ, ವಯಸ್ಸು, ಮಗಳು ಓದುವ ಕೋರ್ಸು ನಾಲ್ಕೂ ಹಾಗೇ ಇದ್ದವು. ಸಣ್ಣ ಊರಿನಲ್ಲಿ ಈ ನಾಲ್ಕು ಸಾಕು, ಹೆಸರು ಬೇಕಿಲ್ಲ. ತಾಲ್ಲೂಕು ಮಾತ್ರ ಉಳಿಸಿ, ವಯಸ್ಸನ್ನು ಹತ್ತು ವರ್ಷದ ಗುಂಪಿಗೆ ಹಾಕಿ, ಕೋರ್ಸನ್ನು ‘ಪದವಿ’ ಎಂದಷ್ಟೇ ಬರೆಸಿದೆವು. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು, ಪ್ರಬಂಧ ಬಿದ್ದರೂ ಪರವಾಗಿಲ್ಲ.

ಟಿಪ್ಪಣಿಗಳ ಪ್ರತಿ ಇಡುವ ಮಾತು ಬಂದಾಗ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ನೆನಪಾಯಿತು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕಿದವು. ಅವರು ನೆನಪಿನಿಂದ ಬರೆದು ಗೆದ್ದರು. ಎಲ್ಲರಿಗೂ ಅದು ಆಗದು. ಅದೇ ದಿನ ಸಂಜೆ ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು, ಫೈಲಿಗೆ ದಿನಾಂಕದ ಹೆಸರು ಕೊಟ್ಟು, ಎರಡು ಕಡೆ ಇಡುವುದು ಐದು ನಿಮಿಷದ ಕೆಲಸ.

ಉಳಿದ ಅವಕಾಶಗಳ ಮಾತು ಚಹಾದ ಹೊತ್ತಿಗೆ ಆಯಿತು. ಸಮ್ಮೇಳನಕ್ಕೆ ಹೋಗುವವರು ಸಂಘದ ಸದಸ್ಯತ್ವಕ್ಕೆ ಮೊದಲೇ ಅರ್ಜಿ ಹಾಕಬೇಕು, ಸಂಖ್ಯೆ ಕೈಗೆ ಬರಲು ಸಮಯ ಹಿಡಿಯುತ್ತದೆ. ಸಂಶೋಧನಾ ಪತ್ರಿಕೆಗಳು ಸಿಗುವುದಿಲ್ಲ ಎಂಬ ಹಳೆಯ ಕೊರಗು ಈಗ ಅಷ್ಟು ನಿಜವಲ್ಲ. 2025ರ ಜನವರಿ 1ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ತೆರೆದಿವೆ. ಸೇಜ್ ಪ್ರಕಾಶನ ಆ ಪಟ್ಟಿಯಲ್ಲಿದೆ, ಸಂಘದ ಬುಲೆಟಿನ್ ಹೊರಬರುವುದೂ ಸೇಜ್‌ನಿಂದಲೇ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಾಗಲಿ, ರಾಯಚೂರು, ಕೊಪ್ಪಳದ ಹೊಸ ವಿಶ್ವವಿದ್ಯಾಲಯಗಳಾಗಲಿ, ಮೊದಲು ಗ್ರಂಥಪಾಲಕರನ್ನು ಹಿಡಿದು ಲಾಗಿನ್ ಕೇಳಿ ಪಡೆಯಿರಿ. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತಿನ ದಕ್ಷಿಣ ಪ್ರಾದೇಶಿಕ ಕೇಂದ್ರ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿದೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ.

ದುಡ್ಡು ಕಟ್ಟಿದರೆ ಎರಡೇ ದಿನದಲ್ಲಿ ಪ್ರಕಟಿಸುತ್ತೇವೆ ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಬಲಿಯಾಗಬೇಡಿ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆ. ಮಾನ್ಯ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿಯೂ 2025ರ ಫೆಬ್ರವರಿಯಲ್ಲಿ ನಿಂತಿತು. ಅವಸರಕ್ಕೆ ಕಾರಣವೇ ಇಲ್ಲ. ಆದರೆ ನಕಲಿನ ನಿಯಮ ಹಾಗೇ ಇದೆ. 2018ರ ನಿಯಮಾವಳಿಯಂತೆ ಹೋಲಿಕೆ 10 ಪ್ರತಿಶತದವರೆಗೆ ಇದ್ದರೆ ದಂಡವಿಲ್ಲ, 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು.

ನೆಟ್‌ನಲ್ಲಿ ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಓದಿದವರು ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಅನ್ನೂ ಬಿಡದೆ ಬರೆಯಬೇಕು. ಎರಡರಲ್ಲೂ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು ಮೂರು ತಾಸು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೆಟ್ ಅಂಕವನ್ನು ಪಿಎಚ್‌ಡಿ ಪ್ರವೇಶಕ್ಕೂ 2024ರಿಂದ ಪರಿಗಣಿಸುತ್ತಿದ್ದಾರೆ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದರೆ ತಿಂಗಳಿಗೆ 37,000 ರೂಪಾಯಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಕಚೇರಿಗೆ ಓಡಿದರೆ ದಿನ ಸಾಲುವುದಿಲ್ಲ.

ಇನ್ನೊಂದು ಕೆಲಸ ಈಗಲೇ ಹಿಡಿಯಬಹುದು. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನಾಂಕವಾಗಿ ಇಟ್ಟಿದ್ದಾರೆ, ಜನರ ಎಣಿಕೆ ಮತ್ತೆ ಫೆಬ್ರವರಿಯಲ್ಲೇ. ಈ ಸಲ ಜಾತಿಯನ್ನೂ ಎಣಿಸುತ್ತಾರೆ, ಆದ್ದರಿಂದ ತಪ್ಪಿಹೋಗುವ ಪ್ರತಿ ಬೀಗದ ಮನೆಗೂ ಹಿಂದಿಗಿಂತ ಹೆಚ್ಚು ತೂಕವಿದೆ. ತಮಗೆ ಗೊತ್ತಿರುವ ಒಂದೇ ಊರು ಸಾಕು. ದೀಪಾವಳಿಗೆ ಮುಂಚೆ ಓಣಿವಾರು ಮನೆಗಳ ಪಟ್ಟಿ ಮಾಡಿ, ಫೆಬ್ರವರಿಯಲ್ಲಿ ಬೀಗ ಹಾಕಿದವನ್ನು ಗುರುತಿಸಿ, ಯುಗಾದಿಗೆ ಮರಳಿದವರನ್ನು “ಗಣತಿಯವರು ನಿಮ್ಮ ಶೆಡ್ಡಿಗೆ ಬಂದಿದ್ರಾ? ಯಾವ ಊರು ಅಂತ ಬರೆಸಿದ್ರಿ?” ಎಂದು ಕೇಳಿದರೆ ಆಯಿತು. ಆ ಭಾನುವಾರ ಬಂದವರಲ್ಲಿ ಕೆಲವರು ಈಗಾಗಲೇ ತಮ್ಮ ತಮ್ಮ ಊರನ್ನು ಹಂಚಿಕೊಂಡಿದ್ದಾರೆ. ಮಸ್ಕಿ, ಯಲಬುರ್ಗಾ, ಸಂಡೂರು ಕಡೆಗೆ ಇನ್ನೂ ಜನ ಬೇಕು.