ಗಣಿ ಮುಚ್ಚಿದ ಮೇಲೆ ಗ್ಯಾರಂಟಿ ಬಿಡುಗಡೆಗೆ ಎಷ್ಟು ಮಳೆಗಾಲ ಕಾಯಬೇಕು?

ಬಳ್ಳಾರಿಯಲ್ಲಿ ಬ್ಯಾಂಕ್ ನೌಕರಿಯಲ್ಲಿದ್ದಾಗ ಗಣಿ ಗುತ್ತಿಗೆದಾರರ ಬ್ಯಾಂಕ್ ಗ್ಯಾರಂಟಿಗಳ (ಅಗೆದ ನೆಲವನ್ನು ಅವರು ಸರಿಪಡಿಸದಿದ್ದರೆ ಸರ್ಕಾರಕ್ಕೆ ಹಣ ಕೊಡುತ್ತೇವೆಂದು ಬ್ಯಾಂಕ್ ಬರೆದುಕೊಡುವ ಭರವಸೆಯ) ಕಡತ ಬಹುಕಾಲ ನನ್ನ ಮೇಜಿನ ಮೇಲೆಯೇ ಇತ್ತು. ಗ್ಯಾರಂಟಿ ಬರೆದುಕೊಡುವಾಗ ಮಾರ್ಜಿನ್ ಹಣ ಎಷ್ಟು, ಅಡಮಾನ ಏನು, ಅವಧಿ ಮುಗಿಯುವುದು ಯಾವಾಗ ಎಂದು ನೂರು ಪ್ರಶ್ನೆ ಕೇಳುತ್ತಿದ್ದ ನಾವು, ಅದು ರದ್ದತಿಗೆ ವಾಪಸು ಬಂದಾಗ ಮೂಲಪತ್ರವೂ ಗಣಿ ಇಲಾಖೆಯ ಬಿಡುಗಡೆ ಪತ್ರವೂ ಇವೆಯೇ ಎಂದಷ್ಟೇ ನೋಡಿ ಕಡತ ಮುಚ್ಚುತ್ತಿದ್ದೆವು. ಗಣಿಯ ನೆಲ ಆಗ ಯಾವ ಸ್ಥಿತಿಯಲ್ಲಿತ್ತು ಎಂದು ಕೇಳುವ ಕಾಲಂ ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ನಿವೃತ್ತಿಯ ನಂತರ ಈ ವಿಷಯವನ್ನು ಓದತೊಡಗಿದಾಗ ನನ್ನ ಗಮನ ಸೆಳೆದದ್ದು ಅಮೆರಿಕದ ಕಲ್ಲಿದ್ದಲು ಕಾನೂನು.

1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಆ ಕಾನೂನಿನಂತೆ, ಗಣಿ ಕಂಪನಿ ಅನುಮತಿ ಪಡೆಯುವಾಗಲೇ ನೆಲದ ಪುನಶ್ಚೇತನಕ್ಕೆ ಬಾಂಡ್ ಕೊಡಬೇಕು, ಅದನ್ನು ಮೂರು ಹಂತಗಳಲ್ಲಿ ಬಿಡಿಸಿಕೊಳ್ಳಬೇಕು. ತೋಡಿದ ಗುಂಡಿ ತುಂಬಿ, ನೆಲ ಸಮಗೊಳಿಸಿ, ನೀರು ಹರಿಯುವ ದಾರಿ ಕಟ್ಟಿದ ಮೇಲೆ ಶೇ. 60ರವರೆಗೆ ಸಿಗುತ್ತದೆ. ಹಸಿರು ಬೇರೂರಿದ ಮೇಲೆ ಎರಡನೆಯ ಕಂತು. ಆದರೆ ಆಗಲೂ, ಕಂಪನಿ ಕೈಬಿಟ್ಟರೆ ಬೇರೆಯವರಿಂದ ಮತ್ತೆ ನೆಡಿಸಲು ಬೇಕಾಗುವಷ್ಟು ಮೊತ್ತವನ್ನು ಸರ್ಕಾರ ಉಳಿಸಿಕೊಳ್ಳಬೇಕು, ಮತ್ತು ಗಣಿಯಿಂದ ಹೊರಗಿನ ಹಳ್ಳಗಳಿಗೆ ಮಿತಿ ಮೀರಿ ಹೂಳು ಹೋಗುತ್ತಿದ್ದರೆ ಈ ಕಂತೇ ಇಲ್ಲ. ಉಳಿದ ಮೊತ್ತ ಹೊಣೆಗಾರಿಕೆಯ ಅವಧಿ ಮುಗಿದ ನಂತರವೇ.

ಆ ಅವಧಿಯ ಲೆಕ್ಕವನ್ನು ಕಾನೂನು ಮಳೆಗೆ ಕಟ್ಟಿದೆ. ವಾರ್ಷಿಕ ಸರಾಸರಿ ಮಳೆ 26 ಅಂಗುಲ, ಅಂದರೆ ಸುಮಾರು 660 ಮಿಲಿಮೀಟರ್, ಮೀರುವಲ್ಲಿ 5 ವರ್ಷ. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಮಳೆಯ ಸೀಮೆಯಲ್ಲಿ 10 ವರ್ಷ. ಎಣಿಕೆ ಶುರುವಾಗುವುದು ಸಸಿ ನೆಟ್ಟ ದಿನದಿಂದಲ್ಲ. ಹೆಚ್ಚುವರಿಯಾಗಿ ಬೀಜ ಚೆಲ್ಲುವುದು, ಗೊಬ್ಬರ ಹಾಕುವುದು, ನೀರುಣಿಸುವುದು ನಿಂತ ವರ್ಷದ ನಂತರ. ಮಧ್ಯದಲ್ಲಿ ಮತ್ತೆ ಹಾಗೆ ಆರೈಕೆ ಮಾಡಬೇಕಾಗಿ ಬಂದರೆ ಎಣಿಕೆಯೂ ಮೊದಲಿನಿಂದಲೇ.

ಬಳ್ಳಾರಿ ಬಯಲಿನ ಸರಾಸರಿ ಮಳೆ 26 ಅಂಗುಲ ಮುಟ್ಟುವುದಿಲ್ಲ. ಕಬ್ಬಿಣದ ಅದಿರಿನ ಗಣಿಗಳಿರುವ ಸಂಡೂರಿನ ಗುಡ್ಡಸಾಲಿನಲ್ಲಿ ತುಸು ಹೆಚ್ಚು ಬಿದ್ದರೂ ಓಬಿ ಡಂಪಿನ, ಅಂದರೆ ಅದಿರಿನ ಮೇಲಿಂದ ತೆಗೆದು ಸುರಿದ ರಾಶಿಯ, ಸಡಿಲ ಕಲ್ಲುಮಣ್ಣಿನಲ್ಲಿ ಅದು ನಿಲ್ಲುವುದಿಲ್ಲ. ಜೋರು ಮಳೆಗೆ ಕೆಂಪು ನೀರಾಗಿ ಇಳಿದು ಹಳ್ಳ ಸೇರುತ್ತದೆ, ಕೆಳಗಿನ ಮಸಾರಿ ಹೊಲಗಳಲ್ಲಿ ಹೂಳಾಗಿ ಕೂರುತ್ತದೆ. ಇಂಥ ಇಳಿಜಾರಿನಲ್ಲಿ ನಾರಿನ ಚಾಪೆ ಹಾಸಿ, ಹೊಂಗೆ, ಬೇವು, ಗ್ಲಿರಿಸಿಡಿಯಾ ನೆಟ್ಟು, ಟ್ಯಾಂಕರಿನಲ್ಲಿ ನೀರುಣಿಸಿದರೆ ಮೊದಲ ಎರಡು ವರ್ಷ ಫೋಟೋಕ್ಕೆ ತಕ್ಕ ಹಸಿರು ಬಂದೇ ಬರುತ್ತದೆ. ಅದು ಟ್ಯಾಂಕರಿನ ಹಸಿರೋ ನೆಲದ ಹಸಿರೋ ಎಂದು ಗೊತ್ತಾಗುವುದು ಟ್ಯಾಂಕರ್ ನಿಂತ ಮೇಲೆ.

ನಮ್ಮ ದೇಶದಲ್ಲಿ ಕಲ್ಲಿದ್ದಲಿಗೆ 2009ರಿಂದ ಎಸ್ಕ್ರೊ ಖಾತೆಯ ಪದ್ಧತಿಯಿದೆ, ಅಂದರೆ ಗಣಿ ಮುಚ್ಚುವ ಖರ್ಚಿನ ಹಣವನ್ನು ಕಂಪನಿ ಮೊದಲೇ ಕಟ್ಟಬೇಕಾದ, ಸರ್ಕಾರದ ಒಪ್ಪಿಗೆಯಿಲ್ಲದೆ ತೆಗೆಯಲಾಗದ ಖಾತೆ. ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ, ನೆಲದಡಿಯ ಗಣಿಗೆ 1 ಲಕ್ಷ ರೂಪಾಯಿ ಎಂಬುದು ಆಗಿನ ದರ. ಐದು ವರ್ಷಕ್ಕೊಮ್ಮೆ ಮುಚ್ಚುವ ಯೋಜನೆಯ ಪ್ರಗತಿ ಪರಿಶೀಲಿಸಿ ಒಂದು ಭಾಗವನ್ನು ಹಿಂದಿರುಗಿಸಬಹುದು, ಉಳಿದದ್ದು ಅಂತಿಮವಾಗಿ ಮುಚ್ಚಿದ ನಂತರ. ಇದು ನಮಗೆ ದೂರದ ಮಾತೇನಲ್ಲ. ಬಳ್ಳಾರಿ ಬಳಿಯ ಕುಡಿತಿನಿಯ ಶಾಖೋತ್ಪನ್ನ ಸ್ಥಾವರ ನಡೆಸುವ ಕರ್ನಾಟಕ ವಿದ್ಯುತ್ ನಿಗಮಕ್ಕೆ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಬರಾಂಜ್‌ನಲ್ಲಿ ಕಲ್ಲಿದ್ದಲು ಗಣಿಯಿದೆ. ನಮ್ಮ ಫ್ಯಾನು ತಿರುಗಲೆಂದು ಅಗೆದ ನೆಲವನ್ನು ಸರಿಪಡಿಸುವ ಈ ಲೆಕ್ಕ ಮುಟ್ಟುವುದು ಅಲ್ಲಿನ ರೈತನಿಗೆ, ಕಬ್ಬಿಣದ ಅದಿರಿನ ಗಣಿಯ ಲೆಕ್ಕ ಮುಟ್ಟುವುದು ನಮಗೆ.

ಅದಿರಿನ ಗಣಿಗೆ ಅನ್ವಯಿಸುವುದು 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು. ಎ ವರ್ಗದ, ಅಂದರೆ ಭಾರಿ ಯಂತ್ರಗಳಿಂದ ನಡೆಯುವ ದೊಡ್ಡ ಗಣಿಯಲ್ಲಿ ಬಳಕೆಯಾದ ನೆಲಕ್ಕೆ ಹೆಕ್ಟೇರಿಗೆ 3 ಲಕ್ಷ ರೂಪಾಯಿಯಿದ್ದ ಭದ್ರತೆಯನ್ನು 2021ರ ತಿದ್ದುಪಡಿ 5 ಲಕ್ಷಕ್ಕೆ ಏರಿಸಿತು. (ಈ ಎ ವರ್ಗಕ್ಕೂ, ಅಕ್ರಮದ ಪ್ರಮಾಣ ನೋಡಿ ಸುಪ್ರೀಂ ಕೋರ್ಟ್ ಗಣಿಗಳನ್ನು ವಿಂಗಡಿಸಿದ ಎ, ಬಿ, ಸಿಗೂ ಸಂಬಂಧವಿಲ್ಲ, ನಮ್ಮೂರಿನ ಚರ್ಚೆಗಳಲ್ಲಿ ಇವೆರಡೂ ಸದಾ ಕಲಸಿಹೋಗುತ್ತವೆ.) ನನ್ನ ಅಭಿಪ್ರಾಯದಲ್ಲಿ ಸಂಡೂರಿನಲ್ಲಿ ತಡೆಗೋಡೆ, ಚೆಕ್ ಡ್ಯಾಂ, ಹೂಳು ತಡೆಯುವ ಗುಂಡಿಗಳು ಕಾಣಿಸಿಕೊಂಡದ್ದು ಈ ಭದ್ರತೆಯ ಭಯಕ್ಕಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯನ್ನು ಮರು ಆರಂಭಕ್ಕೆ ಷರತ್ತಾಗಿಸಿದ್ದರಿಂದ. ಅದಿರು ತೆಗೆಯಬೇಕಾದವನಿಗೆ ಆ ಷರತ್ತು ಚುರುಕು ಮುಟ್ಟಿಸುತ್ತದೆ. ಅದಿರು ಮುಗಿದು ಹೊರಡುವವನ ಮೇಲೆ ಉಳಿಯುವ ಹಿಡಿತ ಗ್ಯಾರಂಟಿಯೊಂದೇ, ಆದ್ದರಿಂದ ಅದನ್ನು ಬೇಗ ಬಿಡಬಾರದು.

ಬಿಡುಗಡೆಯ ಅರ್ಜಿ ಬಂದಾಗ ಸ್ಥಳೀಯ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಪ್ರಕಟಣೆ ಕೊಡಬೇಕು, ತಕರಾರಿದ್ದವರ ಮಾತು ಕೇಳಬೇಕು ಎಂದೂ ಅಮೆರಿಕದ ಕಾನೂನು ಹೇಳುತ್ತದೆ. ನಮ್ಮಲ್ಲೂ ಇಂಥ ನಿಯಮ ಬರಬೇಕು, ಪ್ರಕಟಣೆಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲೂ ಅಂಟಿಸಬೇಕು. ಸ್ಥಳ ತನಿಖೆಯನ್ನು ಮಳೆಗಾಲದಲ್ಲೊಮ್ಮೆ ಹೂಳು ನೋಡಲು, ಏಪ್ರಿಲ್‌ನಲ್ಲೊಮ್ಮೆ ಗಿಡ ನೋಡಲು ಮಾಡಬೇಕು. ಆ ಕಾನೂನಿನ ಎಲ್ಲವೂ ಅನುಕರಣೀಯವೆಂದಲ್ಲ. ದೊಡ್ಡ ಕಂಪನಿಗಳು ತಮ್ಮ ಆಸ್ತಿಪಟ್ಟಿಯನ್ನೇ ತೋರಿಸಿ ತಾವೇ ಜಾಮೀನು ನಿಲ್ಲಲು ಅಲ್ಲಿ ಅವಕಾಶವಿತ್ತು. 2015–16ರಲ್ಲಿ ಆಲ್ಫಾ, ಆರ್ಚ್, ಪೀಬಾಡಿಯಂಥ ಕಂಪನಿಗಳು ಒಂದರ ಹಿಂದೊಂದು ದಿವಾಳಿ ಅರ್ಜಿ ಹಾಕಿದಾಗ ಅಂಥ ಜಾಮೀನಿನ ತೂಕ ಎಷ್ಟೆಂದು ಬಯಲಾಯಿತು. ಮೂರನೆಯವರ ಬ್ಯಾಂಕ್ ಗ್ಯಾರಂಟಿ ಇದಕ್ಕಿಂತ ಎಷ್ಟೋ ಮೇಲು.

ನಮ್ಮ ಕಡಿಮೆ ಮಳೆಯ ಸೀಮೆಗೂ ಆ ಹತ್ತು ವರ್ಷದ ಲೆಕ್ಕವೇ ಬೇಕು ಎಂದರೆ, ಅಷ್ಟು ದೀರ್ಘದ ಗ್ಯಾರಂಟಿ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ ಎಂಬ ಆಕ್ಷೇಪ ಬರುತ್ತದೆ. ಅದು ನಿಜ, ಆದರೆ ಅಡ್ಡಿಯಲ್ಲ. ಅವಧಿ ಮುಗಿಯುವ ಮುನ್ನ ನವೀಕರಿಸದಿದ್ದರೆ ಪೂರ್ತಿ ಮೊತ್ತವನ್ನು ಇಲಾಖೆಗೆ ಪಾವತಿಸತಕ್ಕದ್ದು ಎಂಬ ಒಂದು ಷರತ್ತನ್ನು ಗ್ಯಾರಂಟಿಯ ಪಠ್ಯದಲ್ಲಿ ಸೇರಿಸಿದರೆ, ನವೀಕರಣದ ದಿನಾಂಕವನ್ನು ಗಣಿ ಕಂಪನಿಗಿಂತ ಮೊದಲು ಬ್ಯಾಂಕಿನವರೇ ನೆನಪಿಟ್ಟುಕೊಳ್ಳುತ್ತಾರೆ.