ಬೈಲು ದಾರಿಗೆ ಮ್ಯಾಪ್ ಸಾಲದು

ಉಡುಪಿಯಲ್ಲಿ ಸೈಕಲ್ ಪ್ರವಾಸ ನಡೆಸುವ ಸಣ್ಣ ಸಂಸ್ಥೆಯೊಂದರಲ್ಲಿ ನನ್ನ ಕೆಲಸ ದಾರಿ ಹಾಕುವುದು. ವಾರದ ಕೊನೆಗೆ ಮಂಗಳೂರಿನಿಂದ ಬರುವವರೇ ಜಾಸ್ತಿ. ಬ್ಯಾಂಕಿನವರು, ಐಟಿಯವರು, ಡಾಕ್ಟರುಗಳು. ಎಲ್ಲರದ್ದೂ ಒಂದೇ ಬೇಡಿಕೆ: ಏರು ಬೇಡ, ಟ್ರಾಫಿಕ್ ಬೇಡ, ಎರಡೂ ಬದಿ ಗದ್ದೆ ಇರಬೇಕು. ಕದ್ರಿ, ಬಿಜೈ, ಕುಲಶೇಖರ ಅಂತ ಅಲ್ಲಿನ ಏರುಗಳನ್ನು ದಿನಾ ಹತ್ತಿ ಇಳಿದು ಸಾಕಾದವರು ಹೀಗೆ ಕೇಳುವುದು ಸಹಜವೇ. ಆದರೆ ಸಮತಟ್ಟು ದಾರಿ ಹಾಕುವುದು ಗುಡ್ಡದ ದಾರಿ ಹಾಕುವುದಕ್ಕಿಂತ ಕಷ್ಟ. ಏರು ಎಲ್ಲಿದೆ, ಎಷ್ಟಿದೆ ಎಂದು ಮ್ಯಾಪ್ ತೋರಿಸುತ್ತದೆ. ಗದ್ದೆಯಲ್ಲಿ ಈ ವಾರ ಏನು ನಡೆಯುತ್ತಿದೆ ಎಂದು ತೋರಿಸುವುದಿಲ್ಲ. ನಮ್ಮಲ್ಲಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕರಾವಳಿಯ ಗದ್ದೆಗಳು ಮೂರು ಬಗೆ. ತಗ್ಗಿನಲ್ಲಿ, ನೀರು ನಿಲ್ಲುವಲ್ಲಿ ಬೈಲು. ಸ್ವಲ್ಪ ಮೇಲೆ ಮಜಲು. ಅದಕ್ಕಿಂತ ಎತ್ತರದಲ್ಲಿ, ಮಳೆಯನ್ನೇ ನಂಬಿಕೊಂಡದ್ದು ಬೆಟ್ಟು. ಸೈಕಲ್‌ಗೆ ಬೇಕಾದ್ದು ಬೈಲು. ಅದು ಉದ್ದಕ್ಕೆ ಸಿಗುವುದು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 66ರ ಪಡುಬದಿಯಲ್ಲಿ. ಕಟಪಾಡಿಯಿಂದ ಮಟ್ಟು, ಕಲ್ಯಾಣಪುರದಿಂದ ಕೆಮ್ಮಣ್ಣು, ಹೂಡೆ. ಇನ್ನೂ ಉತ್ತರಕ್ಕೆ ಕೋಟದ ಹತ್ತಿರ ಹೋದರೆ ಹೆದ್ದಾರಿಯ ಮೂಡುಬದಿಗೂ, ಗಿಳಿಯಾರಿನ ಕಡೆಗೆ, ಒಳ್ಳೆಯ ಬೈಲು ಉಂಟು. ಉಡುಪಿ ಪೇಟೆಯಿಂದ ಮೂಡಕ್ಕೆ ಹೊರಟರೆ ಮಾತ್ರ ಬೇಗನೇ ಮಣಿಪಾಲದ ಏರು ಎದುರಾಗುತ್ತದೆ. ಅಂದರೆ ನಮ್ಮ ಕೈಗೆ ಸಿಗುವ ಸಮತಟ್ಟು ಜಾಗ ಉದ್ದ ಇದೆ, ಅಗಲ ಇಲ್ಲ.

ಆ ಉದ್ದವನ್ನೂ ಹೊಳೆಗಳು ಅಲ್ಲಲ್ಲಿ ಕತ್ತರಿಸುತ್ತವೆ. ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಎಲ್ಲವೂ ಸಮುದ್ರದ ಕಡೆಗೆ ಹರಿಯುವಂಥವು. ಹಾಗಾಗಿ ನಾನು ಮೊದಲು ಸೇತುವೆಗಳನ್ನು ಗುರುತು ಹಾಕಿಕೊಳ್ಳುತ್ತೇನೆ, ರಸ್ತೆ ಆಮೇಲೆ. ಕೋಡಿಬೆಂಗ್ರೆಯಲ್ಲಿ ನಿಂತರೆ ಹಂಗಾರಕಟ್ಟೆ ಕಣ್ಣೆದುರೇ ಕಾಣುತ್ತದೆ. ಆದರೆ ನಡುವೆ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ ಇದೆ. ರಸ್ತೆಯಲ್ಲಿ ಹೋಗಬೇಕಾದರೆ ವಾಪಸ್ ಬಂದು, ಕಲ್ಯಾಣಪುರದ ಸೇತುವೆ ದಾಟಿ, ಬ್ರಹ್ಮಾವರದ ಮೇಲಿಂದ ಮಾಬುಕಳ ಸೇತುವೆಯನ್ನೂ ದಾಟಿ ಸುತ್ತಬೇಕು. ಈ ಎರಡೂ ಸೇತುವೆ ಹೆದ್ದಾರಿಯವು. ಅಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ, ಮಾತಿಲ್ಲದೆ, ಎಡಕ್ಕೆ ಒತ್ತಿಕೊಂಡು ದಾಟಬೇಕು. ಹೊಸಬರಿದ್ದರೆ ನಾನು ಸ್ವರ್ಣಾ ದಾಟಿಸುವುದೇ ಇಲ್ಲ.

ಇನ್ನು ಗದ್ದೆಯ ಕೆಲಸದ ಲೆಕ್ಕ. ಇದೇ ನನ್ನ ಕೆಲಸದ ಮುಖ್ಯ ಭಾಗ.

ಜೂನ್, ಜುಲೈಯಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಗೆ ಉಳುಮೆ, ನೇಜಿ (ಭತ್ತದ ಸಸಿ) ನೆಡುವುದು. ಟಿಲ್ಲರ್, ಟ್ರ್ಯಾಕ್ಟರ್‌ಗಳು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಚಕ್ರದ ಕೆಸರು ಕಾಂಕ್ರೀಟ್ ರಸ್ತೆಗೆ ಬೀಳುತ್ತದೆ. ಅದರ ಮೇಲೆ ಮಳೆ ಬಂದರೆ ರೋಡ್ ಬೈಕಿನ ಸಪೂರ ಟಯರು ನಿಲ್ಲುವುದಿಲ್ಲ. ಮರದ ನೆರಳು ಇರುವಲ್ಲಿ ಜಾರುವ ಹಾವಸೆ (ಪಾಚಿ) ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬರುವ ಊರು ಇದು. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಬೈಲು ಕಣ್ಣಿಗೆ ಎಷ್ಟು ಚಂದವೋ ಸವಾರಿಗೆ ಅಷ್ಟೇ ಕಷ್ಟ. ದಪ್ಪ ಟಯರು ಇದ್ದವರನ್ನು ಮಾತ್ರ, ಅದೂ ಮಳೆ ಬಿಟ್ಟ ದಿನ, ಕರೆದುಕೊಂಡು ಹೋಗುತ್ತೇನೆ.

ಅಕ್ಟೋಬರ್ ಬಂದರೆ ಕೊಯ್ಲು. ಈಗ ಬಹುಪಾಲು ಮಿಷನ್ ಕೊಯ್ಲೇ. ಕಟಾವು ಮಿಷನ್ ಬೈಲಿನ ರಸ್ತೆಗೆ ಇಳಿದರೆ ಆ ಕಡೆ ಈ ಕಡೆ ಜಾಗವೇ ಉಳಿಯುವುದಿಲ್ಲ. ಅದರ ಬಾಡಿಗೆ ಗಂಟೆ ಲೆಕ್ಕ. ಮೇಲಿಂದ ಆ ತಿಂಗಳು ಸಂಜೆ ಗುಡುಗು ಮಳೆಯ ಹೆದರಿಕೆ. ಪೈರು ಅಡ್ಡ ಬಿದ್ದು ನೀರಲ್ಲಿ ನಿಂತರೆ ಮೊಳಕೆ ಬರುತ್ತದೆ, ಒಂದು ಬೆಳೆಯ ದುಡಿಮೆ ಹೋಯಿತು. ಅಂಥ ಹೊತ್ತಲ್ಲಿ ನಾವು ಹತ್ತು ಜನ ಬಣ್ಣದ ಜೆರ್ಸಿ ಹಾಕಿಕೊಂಡು ಬೆಲ್ ಹೊಡೆಯುತ್ತಾ ಎದುರಿಗೆ ಹೋಗುವುದು ಸರಿಯಲ್ಲ. ರಸ್ತೆ ಸರಕಾರದ್ದೇ ಇರಬಹುದು, ಆ ವಾರ ಅದು ಬೇಸಾಯಗಾರರಿಗೆ ಬಿಟ್ಟದ್ದು.

ಅದಕ್ಕೇ ಅಕ್ಟೋಬರ್‌ನಲ್ಲಿ ಸವಾರಿಗೆ ಎರಡು ದಿನ ಮೊದಲು ಬೆಳಗ್ಗೆ ಊರಿನ ಹಾಲಿನ ಡೈರಿ ಹತ್ತಿರ ಹೋಗಿ ನಿಲ್ಲುತ್ತೇನೆ. ಹಾಲು ಹಾಕಲು ಬರುವವರಲ್ಲಿ ಗದ್ದೆ ಇರುವವರೇ ಜಾಸ್ತಿ. ಕೆಮ್ಮಣ್ಣು ಕಡೆಯ ಒಬ್ಬರು ಅಕ್ಕ ಕ್ಯಾನು ಕೆಳಗಿಟ್ಟು ಹೇಳಿದ್ದು ಹೀಗೆ: "ನಾಡಿದ್ದು ನಮ್ಮ ಬೈಲಿಗೆ ಮಿಷನ್ ಬರ್ತದೆ. ನೀವು ಆಚೆ ಬದಿಯಿಂದ ಹೋಗಿ ಮಾರಾಯ್ರೆ. ಈಚೆ ಬಂದ್ರೆ ನಿಮ್ಗೂ ಕಷ್ಟ, ನಮ್ಗೂ ಕಷ್ಟ." ಇಷ್ಟು ಗೊತ್ತಾದರೆ ಸಾಕು. ಆ ಭಾನುವಾರದ ದಾರಿ ಅಲ್ಲೇ ಬದಲಾಯಿತು. ನನ್ನ ಫೋನಿನಲ್ಲಿರುವ ಯಾವ ಆ್ಯಪ್‌ಗಿಂತಲೂ ಡೈರಿಯ ಕಟ್ಟೆಯ ಸುದ್ದಿ ನನಗೆ ಹೆಚ್ಚು ನಂಬಿಕೆಯದ್ದು.

ಕೊಯ್ಲು ಮುಗಿದರೂ ಬೈಹುಲ್ಲು ರಸ್ತೆಯಲ್ಲೇ ಇರುತ್ತದೆ. ಇದು ಸಣ್ಣ ವಿಷಯ ಅನಿಸಬಹುದು. ಒಂದು ಎಳೆ ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಅದು ಕ್ಯಾಸೆಟ್ಟಿನ (ಹಿಂದಿನ ಚಕ್ರದ ಗೇರ್ ಹಲ್ಲುಗಳ ಗೊಂಚಲು) ಸಣ್ಣ ಹಲ್ಲಿಗೂ ಫ್ರೇಮಿಗೂ ನಡುವಿನ ಸಂದಿಗೆ ಹೋಗುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಾಟೆಗೆ ಸುತ್ತಿದ ನೂಲಿನ ಹಾಗೆ ಬಿಗಿಯಾಗಿ ಕೂತಿರುತ್ತದೆ. ಚೈನ್ ಹಾರುತ್ತದೆ, ಗೇರ್ ಕೂರುವುದಿಲ್ಲ. ಜೋರಾಗಿ ತುಳಿದರೆ ಗೇರ್ ಬದಲಿಸುವ ಡಿರೇಲರ್ ಸ್ಪೋಕಿಗೆ ಸಿಕ್ಕಿ ಮುರಿಯಲೂಬಹುದು. ಟಕ್ ಟಕ್ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು. ಚಕ್ರ ಬಿಚ್ಚಿ, ಸಪೂರ ಸ್ಕ್ರೂಡ್ರೈವರಿನಿಂದ ಒಂದೊಂದೇ ಎಳೆ ಎಬ್ಬಿಸಿ, ಕತ್ತರಿಸಿ ತೆಗೆಯಬೇಕು. ಎಳೆಯಲು ಹೋದರೆ ಇನ್ನೂ ಬಿಗಿಯಾಗುತ್ತದೆ. ಕೊಯ್ಲಿನ ಕಾಲದಲ್ಲಿ ನನ್ನ ಚೀಲದಲ್ಲಿ ಪಂಚರ್ ಸಾಮಾನಿನ ಜೊತೆ ಒಂದು ಸಣ್ಣ ಕತ್ತರಿಯೂ ಇರುತ್ತದೆ.

ಡಿಸೆಂಬರ್ ಹೊತ್ತಿಗೆ ಗದ್ದೆಯಲ್ಲಿ ಉದ್ದು, ಹೆಸರು. ಕೋಟದ ಕಡೆ ನೆಲಗಡಲೆ. ಮಟ್ಟುವಿನಲ್ಲಿ ಗುಳ್ಳ. ತಿಳಿ ಹಸಿರು ಬಣ್ಣದ, ತೆಳು ಸಿಪ್ಪೆಯ ಈ ಬದನೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸವಾರರಿಗೆ ಗಿಡ ನೋಡುವ ಆಸೆ ಇರುತ್ತದೆ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ಹುಣಿಯ (ಗದ್ದೆಯ ಬದು) ಮೇಲೆ ಸೈಕಲ್ ಹತ್ತಿಸಿ ಫೋಟೋ ತೆಗೆಯಲು ನಾನು ಬಿಡುವುದಿಲ್ಲ. ಆ ಮಣ್ಣು ಕಟ್ಟಿದ್ದು ಕೈಯಿಂದ. ಹುಣಿ ಕುಸಿದರೆ ನೀರು ಪಕ್ಕದ ಗದ್ದೆಗೆ ಹೋಗುತ್ತದೆ. ಗುಳ್ಳ ಬೇಕಿದ್ದರೆ ಬೆಳೆದವರ ಮನೆಯಿಂದಲೇ ಕೊಳ್ಳಿ ಅನ್ನುತ್ತೇನೆ. ಮುಂದಿನ ಸಲ ಹೋದಾಗ ಅಂಗಳದಲ್ಲಿ ಕುಡಿಯಲು ನೀರು ಕೇಳುವ ಧೈರ್ಯ ಬರುವುದು ಹಾಗೆ.

ಕಿಂಡಿ ಅಣೆಕಟ್ಟುಗಳ ವಿಷಯ ಬೇರೆಯೇ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ಸಿಹಿನೀರು ನಿಲ್ಲಿಸುತ್ತಾರೆ, ಸಮುದ್ರದ ಹತ್ತಿರ ಉಪ್ಪುನೀರು ಮೇಲೆ ಬರದಂತೆಯೂ ತಡೆಯುತ್ತಾರೆ. ಮಳೆಗೆ ಮೊದಲು ಹಲಗೆ ಎತ್ತುತ್ತಾರೆ. ಕೆಲವು ಅಣೆಕಟ್ಟಿನ ಮೇಲೆ ಜೀಪು ಹೋಗುವಷ್ಟು ಜಾಗ ಇದೆ. ಕೆಲವದರಲ್ಲಿ ಒಬ್ಬರು ಸೈಕಲ್ ಹೆಗಲಿಗೇರಿಸಿ ನಡೆಯುವಷ್ಟೇ. ಮ್ಯಾಪಿನಲ್ಲಿ ಎರಡಕ್ಕೂ ಒಂದೇ ಗೆರೆ. ಹಲಗೆ ಹಾಕಿದ ಮೇಲೆ ನೀರು ಏರಿ ಪಕ್ಕದ ಮಣ್ಣುದಾರಿ ಮೆತ್ತಗಾಗುವುದೂ ಉಂಟು. ಹೀಗಾಗಿ ಒಂದು ಅಣೆಕಟ್ಟನ್ನು ವರ್ಷಕ್ಕೆ ಎರಡು ಸಲವಾದರೂ ನಾನೇ ಹೋಗಿ ನೋಡಿ ಬರೆದುಕೊಳ್ಳುತ್ತೇನೆ.

ಗಾಳಿ. ಬೈಲಿನಲ್ಲಿ ಅದಕ್ಕೆ ಅಡ್ಡ ಏನೂ ಇಲ್ಲ. ಚಳಿಗಾಲ, ಬೇಸಿಗೆಯಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ. ಬಿಸಿಲೇರಿದ ಮೇಲೆ ಸಮುದ್ರದ ಗಾಳಿ ಶುರು, ಮಧ್ಯಾಹ್ನಕ್ಕೆ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ಆದ್ದರಿಂದ ಬೆಳಗ್ಗೆ ಉತ್ತರಕ್ಕೆ ಹೋಗಿ, ತಡವಾದ ಮೇಲೆ ದಕ್ಷಿಣಕ್ಕೆ ತಿರುಗುವುದು ಒಳ್ಳೆಯದು. ಬಲಬದಿ ಹಿಂದಿನಿಂದ ಗಾಳಿ ದೂಡುತ್ತದೆ. ಇದೇ ದಾರಿಯನ್ನು ತಿರುಗಿಸಿ ಹಾಕಿದರೆ ಏರು ಒಂದೂ ಇಲ್ಲದಿದ್ದರೂ ಕೊನೆಯ ಹತ್ತು ಕಿಲೋಮೀಟರ್‌ಗೆ ಕಾಲು ಸೋಲುತ್ತದೆ.

ಈ ಡಿಸೆಂಬರಿಗೆ ಮಂಗಳೂರಿನ ಹೊಸಬರಿಗಾಗಿ ನಾನು ಇಟ್ಟಿರುವ ದಾರಿ ಇದು. ಕಟಪಾಡಿಯವರೆಗೆ ಸೈಕಲ್ ಕಾರಿನಲ್ಲಿ ತನ್ನಿ, ಹೆದ್ದಾರಿಯಲ್ಲಿ ತುಳಿದು ಸುಸ್ತಾಗುವುದು ಬೇಡ. ಬೆಳಕು ಹರಿಯುವಾಗ ಹೊರಟು ಮಟ್ಟು, ಅಲ್ಲಿಂದ ಪಡುಕೆರೆಯ ಮೂಲಕ ಮಲ್ಪೆ, ತೊಟ್ಟಂ, ಹೂಡೆ, ಕೋಡಿಬೆಂಗ್ರೆ. ಬನ್ಸ್ ತಿಂದು, ಬೊಂಡ (ಎಳನೀರು) ಕುಡಿದು, ಬರುವಾಗ ಕೆಮ್ಮಣ್ಣು ಬೈಲಿಗೆ ಒಂದು ಸುತ್ತು. ಹೋಗಿ ಬರಲು ಸುಮಾರು 50 ಕಿಲೋಮೀಟರ್, ದೊಡ್ಡ ಹೊಳೆಯ ಹೆದ್ದಾರಿ ಸೇತುವೆ ಒಂದೂ ಇಲ್ಲ. ಗುಂಪು ಆರು ಜನರದ್ದೇ. ಜಾಸ್ತಿ ಇದ್ದರೆ ಎರಡು ಗುಂಪು, ನಡುವೆ ಹತ್ತು ನಿಮಿಷ ಅಂತರ. ಕಂಬಳ ಇರುವ ವಾರ ಕಟಪಾಡಿಯ ಬದಲು ಬೇರೆ ಕಡೆಯಿಂದ ಶುರು ಮಾಡುತ್ತೇವೆ, ಅದನ್ನು ಹಿಂದಿನ ದಿನ ಫೋನ್ ಮಾಡಿ ತಿಳಿಸುತ್ತೇನೆ. ಮನೆಗೆ ಹೋದ ಮೇಲೆ ಚೈನನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ. ಪಡುಕೆರೆಯ ಉಪ್ಪುಗಾಳಿಗೆ ಮರುದಿನವೇ ತುಕ್ಕು ಕಾಣಿಸಿಕೊಳ್ಳುತ್ತದೆ.