ವೆನಿಸ್‌ಗೆ ನೀರಿನ ದಾರೀಲೇ ಹೋಗಿ

ಬೆಂಗಳೂರಿಂದ ಬೆಳಗಿನ ಜಾವ ಹೊರಟ ವಿಮಾನ ಫ್ರಾಂಕ್‌ಫರ್ಟ್ ಮುಟ್ಟಿದಾಗ ಅಲ್ಲಿನ್ನೂ ಬೆಳಗ್ಗೆನೇ. ಇಮಿಗ್ರೇಷನ್ ಅಲ್ಲೇ ಮುಗಿಸಿ ಇನ್ನೊಂದು ಸಣ್ಣ ವಿಮಾನ ಹತ್ತಿದ್ವಿ, ಆಲ್ಪ್ಸ್ ಮೇಲೆ ಹೋಗುವಾಗ ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಹಿಮ ನೋಡಿದ್ದೇ ನೋಡಿದ್ದು, ಆಮೇಲೆ ಒಂದ್ಸಲ ಬೆಟ್ಟ ಎಲ್ಲಾ ಮುಗಿದು ಕೆಳಗೆ ಬರೀ ನೀರು, ನೀರಿನ ಮಧ್ಯೆ ಹಾವಿನ ಥರ ಸುತ್ತಿಕೊಂಡ ಕಾಲುವೆಗಳು, ಅಷ್ಟರಲ್ಲಿ ಮಾರ್ಕೊ ಪೋಲೊ ಏರ್‌ಪೋರ್ಟ್ ಬಂದೇ ಬಿಡ್ತು.

ಏರ್‌ಪೋರ್ಟಿಂದ ಊರಿಗೆ ಬಸ್ಸಿದೆ. ದುಡ್ಡೂ ಕಮ್ಮಿ, ಟೈಮೂ ಕಮ್ಮಿ, ಗೊತ್ತಿರೋರೆಲ್ಲ ಬಸ್ಸಲ್ಲೇ ಹೋಗಿ ಅಂದಿದ್ರು. ನಾನು ಮಾತ್ರ ದೋಣಿನೇ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಯಾಕಂದ್ರೆ ಆ ಊರಿಗೆ ರೈಲು ಸೇತುವೆ ಆಗಿದ್ದು 1846ರಲ್ಲಿ, ಮೋಟಾರು ಹೋಗೋ ರಸ್ತೆ ಸೇತುವೆ 1933ರಲ್ಲಿ, ಅದಕ್ಕೂ ಹಿಂದಿನ ಸಾವಿರ ವರ್ಷ ಬಂದವರೆಲ್ಲ ನೀರಲ್ಲೇ ಬಂದಿದ್ದು. ಅಲ್ಲಿನ ದೊಡ್ಡ ಮನೆಗಳ ತಲೆಬಾಗಿಲು ಇರೋದು ಕಾಲುವೆ ಕಡೆಗೆ, ಓಣಿ ಕಡೆ ಇರೋದು ಇನ್ನೊಂದು ಬಾಗಿಲು. ಬಸ್ಸಲ್ಲಿ ಬಂದ್ರೆ ಹಿತ್ತಲಿಂದ ಒಳಗೆ ಹೋದ ಹಾಗೆ ಅನ್ಸುತ್ತೆ ನಂಗೆ.

ಟರ್ಮಿನಲ್‌ನಿಂದ ದೋಣಿ ಕಟ್ಟೆಗೆ ಹತ್ತು ನಿಮಿಷ ನಡಿಗೆ, ಮೇಲೆ ಮಾಡು ಇದೆ, ಅಲ್ಲಲ್ಲಿ ತಾನೇ ಓಡೋ ನಡೆದಾರಿನೂ ಇದೆ, ಅಮ್ಮನ ಮಂಡಿಗೆ ಅದು ಪುಣ್ಯ. ಒಂದು ದೋಣಿ ನಮ್ಮ ಕಣ್ಣೆದುರೇ ಹೊರಟುಹೋಯ್ತು. ಮುಂದಿನದಕ್ಕೆ ಕಾಯ್ತಾ ಡಬ್ಬಿ ತೆಗೆದು ಅವಲಕ್ಕಿ ತಿಂದ್ವಿ.

ಅಮ್ಮ ಹುಟ್ಟಿದ್ದು ಆನೆಗೊಂದೀಲಿ. ಚಿಕ್ಕವಳಿದ್ದಾಗ ಈ ಕಡೆ ಹಂಪಿಗೆ ಬರಬೇಕಂದ್ರೆ ತಳವಾರಘಟ್ಟದ ಹತ್ರ ಹರಿಗೋಲು ಹತ್ತಬೇಕಿತ್ತಂತೆ, ಸೈಕಲ್ಲು, ಮೇವು, ಕುರಿ, ಮದುಮಗಳು ಎಲ್ಲಾ ಅದ್ರಲ್ಲೇ. ಹಾಗಾಗಿ ನೀರು ಅವಳಿಗೆ ಹೊಸದಲ್ಲ. ದೋಣಿಯೊಳಗೆ ಕೂತ ತಕ್ಷಣ ಅವಳು ಕೇಳಿದ್ದು ಒಂದೇ, “ಆಳ ಎಷ್ಟೈತಿ?” ಈ ಹಿನ್ನೀರು ಸುಮಾರು 550 ಚದರ ಕಿಲೋಮೀಟರ್ ಹರಡಿಕೊಂಡಿದೆ, ಆದ್ರೆ ಬಹಳ ಕಡೆ ಆಳ ಒಂದು ಮೀಟರ್ ಆಸುಪಾಸು ಅಷ್ಟೇ, ದೋಣಿ ಹೋಗೋ ದಾರಿ ಮಾತ್ರ ಆಳ, ಆ ದಾರಿ ಯಾವುದು ಅಂತ ತೋರಿಸೋಕೆ ಉದ್ದಕ್ಕೂ ಮೂರು ಮೂರು ಮರದ ಕಂಬ ಸೇರಿಸಿ ಕಟ್ಟಿ ನೆಟ್ಟಿದಾರೆ. ಬ್ರಿಕೊಲಾ ಅಂತಾರೆ ಅದಕ್ಕೆ. ನಮ್ಮ ಕಿಟಕಿ ಹತ್ರಾನೇ ಒಂದು ಹೋಯ್ತು, ತುದೀಲಿ ಹಕ್ಕಿ ಕೂತಿತ್ತು, ಕಂಬ ಮೇಲೆ ದಪ್ಪ, ನೀರಿನ ಮಟ್ಟದಲ್ಲಿ ಮಾತ್ರ ಸವೆದು ಸಣ್ಣ ಆಗಿತ್ತು, ಒನಕೆ ಕೈ ಹಿಡಿಯೋ ಜಾಗದಲ್ಲಿ ಸವೆದಿರುತ್ತಲ್ಲ ಥೇಟ್ ಹಾಗೆ. ಉಬ್ಬರ ಇಳಿತಕ್ಕೆ ಅಲ್ಲಿ ಗಾಳಿ ನೀರು ಎರಡೂ ತಾಗುತ್ತೆ, ಹುಳಾನೂ ಹಿಡಿಯುತ್ತೆ. ಇಡೀ ಊರು ನಿಂತಿರೋದೂ ಇಂಥ ಮರದ ಗೂಟಗಳ ಮೇಲೇನೇ, ಆದ್ರೆ ಅವು ಪೂರ್ತಿ ಕೆಸರಲ್ಲಿ ಹೂತಿವೆ, ಗಾಳಿ ಸೋಕಲ್ಲ, ಅದಕ್ಕೆ ನೂರಾರು ವರ್ಷ ಆದ್ರೂ ಕೊಳೆತಿಲ್ಲ. ಅದರ ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು, ಕಲ್ಲಿನ ಮೇಲೆ ಇಟ್ಟಿಗೆ. ಹಂಪಿ ಬಂಡೆ ಮೇಲೆ ಕಟ್ಟಿದ ಊರು ನೋಡ್ಕೊಂಡು ಬೆಳೆದವಳಿಗೆ ಇದನ್ನ ನಂಬೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಮುರಾನೊದಲ್ಲಿ ಒಂದಷ್ಟು ಜನ ಇಳಿದ್ರು. ಗಾಜಿನ ಕುಲುಮೆಗಳಿಂದ ಊರಿಗೆ ಬೆಂಕಿ ಬೀಳಬಾರದು ಅಂತ 1291ರಲ್ಲಿ ಎಲ್ಲವನ್ನೂ ಈ ದ್ವೀಪಕ್ಕೆ ಕಳಿಸಿದ್ದಂತೆ. ಆಮೇಲೆ ಇಟ್ಟಿಗೆ ಗೋಡೆ, ಗೋಡೆಯೊಳಗೆ ಎತ್ತರದ ಸೈಪ್ರೆಸ್ ಮರ ಇರೋ ಸ್ಯಾನ್ ಮಿಕೇಲೆ ಬಂತು, ಅದು ಊರಿನ ಸ್ಮಶಾನ. “ಹೆಣಾನೂ ದೋಣ್ಯಾಗೇ ಒಯ್ಬೇಕಾ ಇಲ್ಲಿ?” ಅಂದ್ಲು ಅಮ್ಮ. ಹೌದಮ್ಮಾ ಅಂದೆ. ಅವಳು ಕೈ ಮುಗಿದು ಸುಮ್ಮನಾದ್ಲು. ಅಲ್ಲಿಂದ ದೋಣಿ ನಿಧಾನ ಆಯ್ತು, ಅಲೆ ಎದ್ದು ಗೋಡೆಗಳ ಬುಡ ಕೊರೆಯಬಾರದು ಅಂತ ಊರ ಹತ್ರ ವೇಗಕ್ಕೆ ಮಿತಿ ಇದೆ.

ಫೊಂಡಮೆಂಟೆ ನೋವೆಯಲ್ಲಿ ಇಳಿದ್ವಿ. ಪಕ್ಕದಲ್ಲೇ ಆಸ್ಪತ್ರೆ, ಆಂಬುಲೆನ್ಸ್ ಅಂದ್ರೂ ದೋಣಿ, ನಮ್ಮೆದುರೇ ಒಂದು ನೀಲಿ ಲೈಟು ಹಾಕ್ಕೊಂಡು ಹೊರಟಿತು. ರೂಮಿಗೆ ಹೋಗೋ ದಾರೀಲಿ ಮೂರು ಸೇತುವೆ, ಮೂರಕ್ಕೂ ಮೆಟ್ಟಿಲು, ಸೂಟ್‌ಕೇಸ್ ಚಕ್ರ ಇಲ್ಲಿ ಕೆಲಸಕ್ಕೆ ಬರಲ್ಲ, ಎತ್ತಲೇಬೇಕು. ಎರಡನೇ ಸೇತುವೆ ಹತ್ರ ತರಕಾರಿ ಚೀಲ ಹಿಡಿದಿದ್ದ ಒಬ್ಬ ಅಜ್ಜಿ ಏನೂ ಮಾತಾಡದೆ ಅಮ್ಮನ ಸೂಟ್‌ಕೇಸಿನ ಇನ್ನೊಂದು ತುದಿ ಹಿಡಿದ್ರು. ದ್ವೀಪದ ಮೇಲಿನ ಹಳೇ ಊರಲ್ಲಿ ಈಗ ವಾಸ ಇರೋರು ಐವತ್ತು ಸಾವಿರಕ್ಕೂ ಕಮ್ಮಿ, ಮನೆಗಳೆಲ್ಲ ನಮ್ಮಂಥವರಿಗೆ ಬಾಡಿಗೆ ರೂಮಾಗ್ತಿವೆ, ಅದು ನೆನಪಾಗಿ ನಂಗೆ ಆ ಅಜ್ಜಿ ಮುಖ ನೋಡೋಕೆ ಕಷ್ಟ ಆಯ್ತು.

ನಾನು ಈ ಊರಿಗೇ ಬರಬೇಕು ಅಂತ ಹಟ ಹಿಡಿದಿದ್ದಕ್ಕೆ ಇನ್ನೊಂದು ಕಾರಣ ಇದೆ. ವಿಜಯನಗರಕ್ಕೆ ಬಂದ ವಿದೇಶಿ ಪ್ರವಾಸಿಗರು ಯಾರು ಅಂತ ಸ್ಕೂಲಲ್ಲಿ ಪ್ರಶ್ನೆ ಬರ್ತಿತ್ತಲ್ಲ, ಇಟಲಿಯ ನಿಕೊಲೊ ಕೊಂಟಿ ಅಂತ ಬರೀತಿದ್ವಲ್ಲ, ಆ ಕೊಂಟಿ ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೊಜ್ಜಾದವನು, ವೆನಿಸ್ ವ್ಯಾಪಾರಿ. 1420ರ ಸುಮಾರಿಗೆ ನಮ್ಮೂರಿಗೆ ಬಂದ, ಊರಿನ ಸುತ್ತಳತೆ ಅರವತ್ತು ಮೈಲಿ, ಕೋಟೆ ಗೋಡೆ ಬೆಟ್ಟಕ್ಕೇ ಹತ್ತಿದೆ ಅಂತ ಹೇಳಿದ. ಇಪ್ಪತ್ತೈದು ವರ್ಷ ತಿರುಗಿ ವಾಪಸ್ ಬರೋ ದಾರೀಲಿ, ಈಜಿಪ್ಟಲ್ಲಿ ಪ್ಲೇಗು ಬಂದು ಹೆಂಡತಿ ಮಕ್ಕಳನ್ನ ಕಳ್ಕೊಂಡ. ಅವನು ಕಡೆಗೆ ಮನೆ ಸೇರಿದ್ದೂ ಈ ನೀರಲ್ಲೇ.

ಸಂಜೆ ಕಾಲುವೆ ಪಕ್ಕ ಮೆಟ್ಟಿಲ ಮೇಲೆ ಕೂತ್ವಿ. ಹಸಿರು ಪಾಚಿ ಇರೋ ಮೆಟ್ಟಿಲಿಗೆ ಇಳೀಬೇಡ, ಉಬ್ಬರದ ನೀರು ಅಲ್ಲೀವರೆಗೂ ಬರುತ್ತೆ, ಜಾರುತ್ತೆ ಅಂತ ಅಮ್ಮನಿಗೆ ಹೇಳಿದ್ದೆ. ಅವಳು ಒಣಗಿದ ಮೆಟ್ಟಿಲಲ್ಲೇ ಕೂತು ಬಗ್ಗಿ, ತುಂಗಭದ್ರೇಲಿ ಮಾಡೋ ಹಾಗೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ಲು, ಬೆರಳು ತುಟಿಗೂ ತಾಗಿಸಿ “ಉಪ್ಪೈತಿ” ಅಂದ್ಲು.

ನಾಳೆ ಕಿಯೊಜ್ಜಾಗೆ ಹೋಗ್ತಿದ್ದೀವಿ. ಲಿಡೊದಿಂದ ಬಸ್ಸು, ಆ ಬಸ್ಸು ಹಾಗೇ ಫೆರ್ರಿ ಮೇಲೆ ಹತ್ತಿ ಪೆಲೆಸ್ಟ್ರಿನಾ ದ್ವೀಪಕ್ಕೆ ದಾಟುತ್ತಂತೆ, ಅದರ ತುದಿಯಿಂದ ಇನ್ನೊಂದು ದೋಣಿ. ಅವಲಕ್ಕಿ ಇನ್ನೂ ಒಂದು ಡಬ್ಬಿ ಇದೆ.